ಗೂಗಲ್ ಬಟನ್ ಒತ್ತಿದ್ರೆ ಪಾಸ್‌ವರ್ಡ್ ಹೋಗಲ್ವಾ?

"ಏನೇ, ಈ ಸೀರೆ ಅಂಗಡಿ ವೆಬ್‌ಸೈಟಲ್ಲಿ 'ಗೂಗಲ್ ಮೂಲಕ ಲಾಗಿನ್ ಆಗಿ' ಅಂತಿದೆ. ಒತ್ತಿದ್ರೆ ನನ್ನ ಪಾಸ್‌ವರ್ಡ್ ಅವರಿಗೆ ಹೋಗಿಬಿಡಲ್ವಾ?"

ಹೋದ ವಾರ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಆಫೀಸಿನಲ್ಲಿ ಅದೇ ಬಟನ್ನನ್ನು ನಮ್ಮ ಆ್ಯಪ್‌ಗೆ ಸೇರಿಸುತ್ತಾ ಕೂತಿದ್ದೆ!

"ಹೋಗಲ್ಲಮ್ಮ" ಅಂದೆ. ಹೊಸ ಊರಿನ ಅಂಗಡಿಯವರಿಗೆ ನಾವು ಯಾರೋ ಗೊತ್ತಿರಲ್ಲ. ಇಬ್ಬರಿಗೂ ಪರಿಚಯವಿರುವ ಹಿರಿಯರೊಬ್ಬರು "ಇವರು ನಮ್ಮವರೇ" ಅಂತ ಚೀಟಿ ಬರೆದುಕೊಟ್ಟರೆ ಸಾಕು. ಇಲ್ಲಿ ಗೂಗಲ್ಲೇ ಆ ಹಿರಿಯರು. ಬಟನ್ ಒತ್ತಿದಾಗ ನೀವು ಹೋಗುವುದು ಗೂಗಲ್ ಪುಟಕ್ಕೆ. ಪಾಸ್‌ವರ್ಡ್ ಕೊಡುವುದೂ ಅಲ್ಲೇ. ವೆಬ್‌ಸೈಟಿಗೆ ಸಿಗುವುದು ಒಂದೇ ಸಲ ನಡೆಯುವ ಒಂದು ಕೋಡ್. ಅದನ್ನು ಸರ್ವರ್ ಗೂಗಲ್‌ಗೆ ತೋರಿಸಿದರೆ ಸಹಿ ಇರುವ ಚೀಟಿ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು, ಇಮೇಲ್, ಫೋಟೋ ಮತ್ತು ಬದಲಾಗದ ಒಂದು ಗುರುತಿನ ಸಂಖ್ಯೆ ಇರುತ್ತದೆ. 2012ರ ಓಆಥ್ 2.0, 2014ರ ಓಪನ್‌ಐಡಿ ಕನೆಕ್ಟ್ ಎಂಬ ನಿಯಮಗಳ ಮೇಲೆ ನಡೆಯುವ ವ್ಯವಸ್ಥೆ ಇದು.

ಅಮ್ಮನಿಗೆ ಧೈರ್ಯ ಹೇಳಿದ ನಾನೇ ಮರುದಿನ ಎಡವಿದೆ. ಇಮೇಲ್ ಒಂದೇ ಆಗಿದ್ದರೆ ಹಳೆಯ ಖಾತೆಗೆ ಗೂಗಲ್ ಲಾಗಿನ್ ಜೋಡಿಸುವಂತೆ ಕೋಡ್ ಬರೆದಿದ್ದೆ. ಟೆಸ್ಟಿಂಗ್ ಮಾಡುವ ಗೆಳತಿ ನನ್ನ ಇಮೇಲ್ ಹಾಕಿ, ತನ್ನದೊಂದು ಪಾಸ್‌ವರ್ಡ್ ಕೊಟ್ಟು, ಮೊದಲೇ ಖಾತೆ ತೆರೆದಿಟ್ಟಿದ್ದಳು. ಆ ಇಮೇಲ್ ಅವಳದೇನಾ ಅಂತ ನಮ್ಮ ಆ್ಯಪ್ ಕೇಳಿರಲೇ ಇಲ್ಲ. ಆಮೇಲೆ ನಾನು ಗೂಗಲ್ ಮೂಲಕ ಒಳಗೆ ಬಂದು ವಿಳಾಸ ತುಂಬಿದೆ. ಅದೆಲ್ಲಾ ಅವಳ ಸ್ಕ್ರೀನಿನಲ್ಲಿ! ಹಿರಿಯರ ಚೀಟಿ ಸರಿಯಾಗೇ ಇತ್ತು, ತಪ್ಪು ನನ್ನದು. ಜನರ ಕೈಗೆ ಹೋಗುವ ಮೊದಲೇ ಸಿಕ್ಕಿಬಿತ್ತಲ್ಲ ಅನ್ನೋದೇ ಸಮಾಧಾನ. ಈಗ ಇಮೇಲ್ ಖಚಿತವಾಗದ ಖಾತೆಯನ್ನು ನಾವು ಜೋಡಿಸುವುದಿಲ್ಲ. ಗೂಗಲ್‌ನಿಂದ ಬಂದವರನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ.

ಸಂಜೆ ಅಮ್ಮನಿಗೆ ಮತ್ತೆ ಫೋನ್ ಮಾಡಿ ಒಂದಿಷ್ಟು ಮಾತು ಸೇರಿಸಿದೆ. ನಿಮಗೂ ಇರಲಿ. ಪಾಸ್‌ವರ್ಡ್ ಹಾಕುವ ಮೊದಲು ಮೇಲಿನ ವಿಳಾಸ ನಿಜವಾಗಿ ಗೂಗಲ್‌ನದೇನಾ ನೋಡಿ. ಸೀರೆ ಅಂಗಡಿ ನಿಮ್ಮ ಕಾಂಟ್ಯಾಕ್ಟ್ಸ್, ಡ್ರೈವ್ ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ಲಾಗಿನ್‌ಗೆ ಅದು ಬೇಕಿಲ್ಲ. ಯಾವ್ಯಾವ ಆ್ಯಪ್‌ಗೆ ಹೀಗೆ ಲಾಗಿನ್ ಆಗಿದ್ದೀರಿ ಎಂಬ ಪಟ್ಟಿ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿದೆ, ಬೇಡದ್ದನ್ನು ತೆಗೆದುಹಾಕಿ. ಒಂದೇ ಕೀಲಿಗೆ ಹತ್ತು ಬಾಗಿಲು ತೆರೆಯುವುದರಿಂದ, ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇವತ್ತೇ ಹಾಕಿಕೊಳ್ಳಿ.

ಎಲ್ಲಾ ಕೇಳಿದ ಅಮ್ಮ ಕೊನೆಗೆ ಅಂದರು: "ಸರಿ, ನಿಮ್ಮ ಆ್ಯಪ್‌ನಲ್ಲಿ ಒತ್ತಬಹುದಾ?"

"ಈಗ ಒತ್ತಬಹುದಮ್ಮ."