ಮಾತ್ರೆ ಮನೆಯಲ್ಲಿ, ತಿಂಡಿ ಹೋಟೆಲಿನಲ್ಲಿ

ಹೋಟೆಲಿಗೆ ಹೋಗಬೇಡಿ ಎಂದು ನಾನು ಯಾವ ರೋಗಿಗೂ ಹೇಳುವುದಿಲ್ಲ. ಹೇಳಿದರೂ ನಮ್ಮ ಕಡೆಯವರು ಕೇಳುವವರಲ್ಲ. 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದ ಕೃಷ್ಣರಾಯರು ಮೂಡುಬಿದಿರೆ ಬಳಿಯ ಕಡಂದಲೆಯವರು. ಹೋಟೆಲೆಂದರೆ ನಮಗೆ ನೆಂಟರ ಮನೆ ಇದ್ದ ಹಾಗೆ. ಆದರೆ ಸಕ್ಕರೆ ಕಾಯಿಲೆಯ ಹಿರಿಯರನ್ನು ಕರೆದುಕೊಂಡು ಹೋಗುವಾಗ ಒಂದು ಎಚ್ಚರಿಕೆ ಬೇಕು. ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಇಪ್ಪತ್ತು ವರ್ಷ ರೋಗಿಗಳಿಗೆ ಉಪದೇಶಿಸಿದ ವಿಷಯ ಅದು. ನನ್ನ ತಾಯಿಯ ಮಟ್ಟಿಗೆ ಅದನ್ನೇ ಮರೆತೆ.

ಮಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ವಾರಕ್ಕೆರಡು ಸಲವಾದರೂ ಹೋಗುತ್ತಿದ್ದ ಹೋಟೆಲೊಂದಿತ್ತು. ಹೆಸರು ಬೇಡ. ನನ್ನನ್ನು ನೋಡಲು ಊರಿನಿಂದ ಬರುತ್ತಿದ್ದ ಅಪ್ಪ, ಅಮ್ಮನಿಗೂ ಅಲ್ಲಿಯೇ ಮಸಾಲೆದೋಸೆ. ಅಪ್ಪ ತೀರಿಕೊಂಡ ಮೇಲೆ ನಾವು ಯಾರೂ ಆ ಕಡೆ ಹೋಗಿರಲಿಲ್ಲ. 2024ರಲ್ಲಿ ಒಂದು ದಿನ ಅಮ್ಮನೇ, "ಆ ಹೋಟೆಲು ಈಗಲೂ ಉಂಟಾ?" ಎಂದು ಕೇಳಿದರು. ಮರುದಿನ ಭಾನುವಾರ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಎಲ್ಲರೂ ಬೆಳಿಗ್ಗೆಯ ತಿಂಡಿಗೆ ಅಲ್ಲಿಗೇ ಎಂದು ಲಾಯಿಲದಿಂದ ಹೊರಟೆವು.

ಅಮ್ಮ ಹಲವು ವರ್ಷಗಳಿಂದ ಮಧುಮೇಹಿ. ಗಂಜಿಗೆ ಮೊದಲು ಮಾತ್ರೆ ನುಂಗುವುದು ಅವರ ಕ್ರಮ. ಅಂದೂ ಏಳೂವರೆಗೆ ತಪ್ಪದೆ ನುಂಗಿ ಕಾರು ಹತ್ತಿದರು. ಗಂಜಿ ಮಾತ್ರ ಕುಡಿಯಲಿಲ್ಲ. ದೋಸೆಗೆ ಹೊಟ್ಟೆಯಲ್ಲಿ ಜಾಗ ಬೇಡವೇ! ಮಂಗಳೂರಿಗೆ ಸುಮಾರು 60 ಕಿ.ಮೀ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ, ತಲುಪುವಾಗ ಒಂಬತ್ತೂವರೆ. ಅಲ್ಲಿ ಕುರ್ಚಿ ಸಿಗಲು ಅರ್ಧ ಗಂಟೆ. ಹಳೆಯ ಮರದ ಬೆಂಚುಗಳು ಹೋಗಿ ಗಾಜಿನ ಬಾಗಿಲು, ಎ.ಸಿ. ಬಂದಿದ್ದವು. ಪಟ್ಟಿಯಲ್ಲಿ ನೂಡಲ್ಸ್ ಕೂಡ ಇತ್ತು. ದೋಸೆಗೆ ಹೇಳಿ ಕಾದೆವು, ಕಾದೇ ಕಾದೆವು.

ಅಮ್ಮನಿಗೆ ಸಿಟ್ಟು ಬರತೊಡಗಿತು. ಮೊಮ್ಮಗ ನೀರಿನ ಲೋಟ ಸರಿಸಿದ್ದಕ್ಕೆ ಗದರಿದರು. "ಎಂಥ ಹೋಟೆಲು ಇದು, ಮನೆಗೆ ಹೋಗುವ" ಎಂದರು. ಹೋಟೆಲು ಬದಲಾದದ್ದು, ಅಪ್ಪನ ನೆನಪು, ಅದರಿಂದ ಬೇಸರ ಎಂದು ನಾನು ಮನಸ್ಸಿನಲ್ಲೇ ದೊಡ್ಡ ವಿಶ್ಲೇಷಣೆ ಮಾಡುತ್ತಾ ಕುಳಿತೆ. ಎಂದೂ ಗದರದ ಅಮ್ಮ ಗದರಿದರೆಂಬುದು ಡಾಕ್ಟರನಾದ ನನ್ನ ತಲೆಗೆ ಹೋಗಲಿಲ್ಲ. "ಎ.ಸಿ.ಯಲ್ಲಿ ಕೂತು ಅಮ್ಮನಿಗೆ ಬೆವರುತ್ತಾ ಉಂಟಲ್ಲ?" ಎಂದು ಕೇಳಿದ್ದು ನನ್ನ ಹೆಂಡತಿ. ಕೈ ಹಿಡಿದು ನೋಡಿದೆ. ತಣ್ಣಗಿತ್ತು, ನಡುಗುತ್ತಿತ್ತು.

ಇದು ರಕ್ತದಲ್ಲಿ ಸಕ್ಕರೆ ಇಳಿಯುವ ಸ್ಥಿತಿ. ವೈದ್ಯರು ಹೈಪೋಗ್ಲೈಸೀಮಿಯಾ ಎನ್ನುತ್ತಾರೆ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅಪಾಯದ ಗಂಟೆ ಬಾರಿಸಿತೆಂದು ತಿಳಿಯಬೇಕು. ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು ಮೊದಲ ಲಕ್ಷಣಗಳು. ಅನಂತರ ಮಿದುಳಿಗೆ ಗ್ಲೂಕೋಸ್ ಸಾಲದೆ ಸಿಡಿಮಿಡಿ, ತೊದಲು ಮಾತು, ಗೊಂದಲ. ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪುವುದು. ವಯಸ್ಸಾದವರಲ್ಲಿ ಮೊದಲಿನವು ಕಾಣಿಸದೆ ನೇರವಾಗಿ ಗೊಂದಲವೇ ಕಾಣಿಸಬಹುದು. ರಕ್ತದೊತ್ತಡಕ್ಕೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಮರೆಯಾಗಿ ಬೆವರು ಮಾತ್ರ ಉಳಿಯುವುದುಂಟು.

ಗ್ಲೂಕೋಮೀಟರ್ ಮನೆಯಲ್ಲಿತ್ತು. ಪರವಾಗಿಲ್ಲ, ಇಂತಹ ಹೊತ್ತಿನಲ್ಲಿ ಪರೀಕ್ಷೆಗೆ ಕಾಯಬಾರದು. ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿದೆ. ಸಾಧಾರಣವಾಗಿ ಹತ್ತು ಹದಿನೈದು ನಿಮಿಷದಲ್ಲಿ ಮುಖ ಅರಳಬೇಕು. ಅರಳಲಿಲ್ಲ. ಅಮ್ಮ ನನ್ನ ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದರು. ಆಗ ನನಗೇ ಬೆವರಿತು.

ನೆನಪಾದದ್ದು ಆಗಲೇ. ಅಮ್ಮನ ಮಾತ್ರೆಯಲ್ಲಿ ಮೂರು ಔಷಧಿಗಳಿವೆ: ಗ್ಲೈಮಿಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಸಕ್ಕರೆ ಇಳಿಸಿದ್ದು ಮೊದಲನೆಯದು; ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ನೋಡದೆ ಅದು ಇನ್ಸುಲಿನ್ ಸುರಿಸುತ್ತದೆ. ಮೂರನೆಯದು ಜಪಾನಿನಲ್ಲಿ ತಯಾರಾಗಿ 1994ರಲ್ಲಿ ಅಲ್ಲಿ ಬಳಕೆಗೆ ಬಂದ ಮದ್ದು. ಅಕ್ಕಿ ಉಣ್ಣುವ ಅವರಂತೆ ನಮಗೂ ಒಳ್ಳೆಯದೇ. ಪಿಷ್ಟ ಹಾಗೂ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದನ್ನು ಅದು ನಿಧಾನಿಸುತ್ತದೆ. ಹಾಗಾಗಿ ಅದನ್ನು ನುಂಗಿದವರಿಗೆ ಅಡುಗೆಮನೆಯ ಸಕ್ಕರೆ ಕೊಟ್ಟರೆ ಬೇಗ ನಾಟುವುದಿಲ್ಲ. ಒಡೆಯಬೇಕಾದ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿಯೇ ಬೇಕು, ಅದಿಲ್ಲದಿದ್ದರೆ ಜೇನುತುಪ್ಪ. ಮಗನನ್ನು ಎದುರಿನ ಮೆಡಿಕಲ್ ಸ್ಟೋರಿಗೆ ಓಡಿಸಿದೆ. ಪುಡಿ ಕದಡಿ ಕುಡಿಸಿದ ಹತ್ತು ನಿಮಿಷಕ್ಕೆ ಅಮ್ಮ ಸುತ್ತ ನೋಡಿ, "ದೋಸೆ ಬರಲಿಲ್ಲವಾ ಇನ್ನೂ?" ಎಂದರು.

ನಿಮ್ಮ ಮನೆಯ ಹಿರಿಯರ ಮಾತ್ರೆಯ ಪಟ್ಟಿಯನ್ನು ಈಗಲೇ ತಿರುಗಿಸಿ ಓದಿ. ಗ್ಲೈಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಈ ಮಾತು ನಿಮಗೆ. ಮೆಟ್‌ಫಾರ್ಮಿನ್ ಒಂದೇ ಆದರೆ ಈ ಭಯ ಬಹಳ ಕಡಿಮೆ. ಹೊರಗೆ ಉಣ್ಣುವ ದಿನ ಮಾತ್ರೆ ಪರ್ಸಿನಲ್ಲಿರಲಿ. ತಟ್ಟೆ ಮೇಜಿಗೆ ಬಂದ ಮೇಲೆ ನುಂಗಲಿ. ಮದುವೆ ಊಟ, ದೇವಸ್ಥಾನದ ಪಂಕ್ತಿ ಎಲ್ಲಕ್ಕೂ ಇದೇ ಲೆಕ್ಕ. ಜೊತೆಗೆ ಗ್ಲೂಕೋಸ್ ಪುಡಿಯ ಪೊಟ್ಟಣ. 15 ಗ್ರಾಂ, ಅಂದರೆ ನಾಲ್ಕು ಟೀ ಚಮಚದಷ್ಟು ಕೊಟ್ಟು, ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಕೊಡಿ. ಚಾಕಲೇಟು, ಐಸ್‌ಕ್ರೀಮು ಬೇಡ, ಕೊಬ್ಬಿನಿಂದಾಗಿ ತಡವಾಗುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ.

ಚೇತರಿಸಿದ ಮೇಲೂ ಮೈಮರೆಯಬಾರದು. ಈ ಮಾತ್ರೆಗಳ ಪ್ರಭಾವ ದಿನವಿಡೀ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು, ಮೂತ್ರಪಿಂಡ ಸೋತವರಲ್ಲಂತೂ ಇನ್ನೂ ಹೆಚ್ಚು. ಅಮ್ಮನಿಗೆ ಅಲ್ಲಿಯೇ ಇಡ್ಲಿ ತಿನ್ನಿಸಿ, ದಾರಿಯುದ್ದಕ್ಕೂ ನಿದ್ರೆ ಮಾಡಗೊಡದೆ ಮಾತಾಡಿಸುತ್ತಾ ಕರೆತಂದೆ. ರಾತ್ರಿಯವರೆಗೆ ಎರಡು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿ ಬೈಸಿಕೊಂಡೆ. ಬಳಿಕ ತಜ್ಞರೊಡನೆ ಮಾತಾಡಿ ಗ್ಲೈಮಿಪಿರೈಡ್ ಪ್ರಮಾಣವನ್ನು ಅರ್ಧಕ್ಕಿಳಿಸಿದೆವು.

ಎರಡು ತಿಂಗಳ ಮೇಲೆ ಅದೇ ಹೋಟೆಲಿಗೆ ಮತ್ತೆ ಹೋದೆವು, ಈ ಸಲ ಮನೆಯಲ್ಲಿ ಗಂಜಿ ಕುಡಿದು, ಸಂಜೆಯ ಹೊತ್ತಿಗೆ. ಅಮ್ಮ ಅರ್ಧ ದೋಸೆ ತಿಂದು ಉಳಿದದ್ದನ್ನು ಮೊಮ್ಮಗನ ತಟ್ಟೆಗೆ ದಾಟಿಸಿದರು. ದೋಸೆ ಮೊದಲಿನ ಹಾಗೆ ಇಲ್ಲವಂತೆ. ಚಟ್ನಿ ಮಾತ್ರ ಅದೇ, ನಿನ್ನ ಅಪ್ಪ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದು, ಎಂದರು.