ಐಕಾನ್ ಒತ್ತಿದರೂ ತೆರೆಯುತ್ತಿಲ್ಲವೇ? ಒಳಗೆ ಇನ್ನೊಂದು ಓಡುತ್ತಿರಬಹುದು!

ಮದುವೆ ಸೀಸನ್‌ನಲ್ಲಿ ಮಹಾಲಕ್ಷ್ಮಿ ಲೇಔಟ್‌ನ ಯಾವುದಾದರೂ ಡಿಟಿಪಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಸಿಸ್ಟಮ್ ಹ್ಯಾಂಗ್ ಆಗಿದೆ ಮೇಡಂ, ಸ್ವಲ್ಪ ತಡೀರಿ" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಐಕಾನ್ ಮೇಲೆ ಹತ್ತು ಸಲ ಒತ್ತಿದರೂ ಏನೂ ತೆರೆಯಲ್ಲ. ಕೊನೆಗೆ ಸ್ವಿಚ್ಚನ್ನೇ ಆಫ್ ಮಾಡಿದರೆ, ಸೇವ್ ಮಾಡದ ಲಗ್ನಪತ್ರಿಕೆ ಹೋಯ್ತು ಅಂತಲೇ ಲೆಕ್ಕ.

ಇಂಥ ಕಡೆ ಬಹಳ ಸಲ ಪ್ರೋಗ್ರಾಮ್ ಕೆಟ್ಟಿರುವುದಿಲ್ಲ. ಮೊದಲು ತೆರೆದದ್ದು ಒಳಗೇ ಓಡುತ್ತಿರುತ್ತದೆ. ಎಷ್ಟೋ ತಂತ್ರಾಂಶಗಳು ಶುರುವಾಗುವಾಗ ವಿಂಡೋಸ್ ಹತ್ತಿರ ಒಂದು ಗುರುತು ಇಡುತ್ತವೆ, ಬಿಎಂಟಿಸಿ ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ಎರಡನೆಯ ಪ್ರತಿ ಬಂದು ಕರ್ಚೀಫ್ ನೋಡಿ ಸದ್ದಿಲ್ಲದೆ ವಾಪಸ್ ಹೋಗುತ್ತದೆ. ಮೊದಲನೆಯದು ಹ್ಯಾಂಗ್ ಆಗಿದ್ದರೆ ಅದೂ ಇಲ್ಲ, ಇದೂ ಇಲ್ಲ.

ಕನ್ನಡ ಟೈಪಿಂಗ್‌ನಲ್ಲಿ ಬೇರೆಯೇ ತಂಟೆ. ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಎರಡರಲ್ಲೂ ಹಿನ್ನೆಲೆಯಲ್ಲಿ ಕೂತು ಕೀಲಿಮಣೆ ನೋಡಿಕೊಳ್ಳುವ ಭಾಗ ಉಂಟು. ಎರಡೂ ಒಟ್ಟಿಗೆ ಎಚ್ಚರವಾಗಿದ್ದರೆ ಅಕ್ಷರ ಕಲಸುಮೇಲೋಗರ ಆಗಬಹುದು. ಗಡಿಯಾರದ ಪಕ್ಕದ ಪುಟ್ಟ ಬಾಣ ಒತ್ತಿದರೆ ಅಡಗಿರುವ ಐಕಾನ್‌ಗಳು ಕಾಣುತ್ತವೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸಿಟ್' ಕೊಡಿ.

ಅಲ್ಲೂ ಸಿಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಹೆಸರಿನ ಪಕ್ಕ ಬಾಣವಿದ್ದರೆ ಬಿಡಿಸಿ ನೋಡಿ. ವರ್ಡ್‌ನಂಥದ್ದರಲ್ಲಿ ತೆರೆದಿರುವ ಫೈಲ್‌ಗಳ ಹೆಸರೇ ಕಾಣುತ್ತದೆ. ಈ ಹೆಜ್ಜೆಯನ್ನೇ ಹೆಚ್ಚಿನವರು ಹಾರಿಸಿಬಿಡುತ್ತಾರೆ. ಸೇವ್ ಆಗದ ಕೆಲಸ ಯಾವ ಪ್ರತಿಯಲ್ಲಿದೆ ಅಂತ ಗೊತ್ತಿಲ್ಲದೆ 'ಎಂಡ್ ಟಾಸ್ಕ್' ಒತ್ತಬೇಡಿ. ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ವಿಚ್ ಟು' ಕೊಡಿ. ವಿಂಡೋ ಎದುರಿಗೆ ಬಂದರೆ ಸೇವ್ ಮಾಡಿ, ಮಾಮೂಲಿಯಾಗಿ ಮುಚ್ಚಿ.

'ನಾಟ್ ರೆಸ್ಪಾಂಡಿಂಗ್' ಅಂತ ಕಂಡ ಕೂಡಲೇ ಗಾಬರಿ ಬೇಡ. ಸಿಪಿಯು, ಡಿಸ್ಕ್ ಅಂಕಿಗಳು ಏರಿಳಿಯುತ್ತಿದ್ದರೆ ಅದು ಇನ್ನೂ ಕೆಲಸ ಮಾಡುತ್ತಿರಬಹುದು. ದೊಡ್ಡ ಫೋಟೊ ಹಾಕಿದ ಫೈಲ್ ಆದರೆ ಒಂದು ಕಾಫಿ ಕುಡಿದು ಬನ್ನಿ. ಆಮೇಲೂ ಅಲುಗಾಡದಿದ್ದರೆ 'ಎಂಡ್ ಟಾಸ್ಕ್'.

ಅಂದ ಹಾಗೆ, ಪಟ್ಟಿಯಲ್ಲಿ ಕ್ರೋಮ್ ಹತ್ತಿಪ್ಪತ್ತು ಸಲ ಕಂಡರೆ ಅದು ತೊಂದರೆಯಲ್ಲ. ಬೇರೆ ಬೇರೆ ಟ್ಯಾಬ್, ಎಕ್ಸ್‌ಟೆನ್ಶನ್‌ಗಳನ್ನು ಪ್ರತ್ಯೇಕವಾಗಿ ಓಡಿಸುವುದು ಅದರ ರೀತಿ. ಒಂದು ಟ್ಯಾಬ್ ಕೈಕೊಟ್ಟರೂ ಉಳಿದವು ನಡೆಯಲಿ ಅಂತಲೇ ಹಾಗೆ ಮಾಡಿದ್ದಾರೆ.

ವರ್ಡ್ ಬಲವಂತವಾಗಿ ಮುಚ್ಚಿದ್ದರೆ ಮತ್ತೆ ತೆರೆದಾಗ ಎಡಗಡೆ 'ರಿಕವರ್ಡ್' ಪ್ರತಿ ತೋರಿಸಬಹುದು. ಮೊದಲು ಅದನ್ನು ತೆರೆದು ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಬೇರೆ ಸೆಟ್ಟಿಂಗ್ ಮಾಡಿರದಿದ್ದರೆ ಅದು 10 ನಿಮಿಷಕ್ಕೊಮ್ಮೆ ಎತ್ತಿಟ್ಟದ್ದು. ಕೊನೆಯ ಕೆಲವು ಸಾಲು ಮತ್ತೆ ಟೈಪ್ ಮಾಡಬೇಕಾಗಬಹುದು.