ವಾರದ ದಿನಗಳಲ್ಲಿ ರಾತ್ರಿಯ ಊಟ: ದುಡಿಯುವ ಕುಟುಂಬಗಳಿಗೆ ಉಪಯುಕ್ತ ಮಾಹಿತಿ

ಪೀಠಿಕೆ

ಪತಿ ಪತ್ನಿಯರಿಬ್ಬರೂ ದುಡಿಯುವ ಕುಟುಂಬಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ರಾತ್ರಿಯ ಅಡುಗೆಯು ಅತ್ಯಂತ ಒತ್ತಡದ ಕೆಲಸವಾಗಿರುತ್ತದೆ. ಸಂಜೆ ಏಳು ಗಂಟೆಗೆ ಮನೆ ಸೇರಿದವರು ಮಕ್ಕಳ ಓದು, ಹಿರಿಯರ ಆರೈಕೆ ಹಾಗೂ ಮರುದಿನದ ಸಿದ್ಧತೆಯ ನಡುವೆ ಅಡುಗೆಯನ್ನೂ ಪೂರೈಸಬೇಕಾಗುತ್ತದೆ. ಸಮಯದ ಅಭಾವದಿಂದ ಅನ್ನ ಮತ್ತು ತಿಳಿಸಾರಿಗೇ ಊಟ ಮುಗಿದುಹೋದರೆ ಮೊದಲು ಕೈಬಿಡುವುದು ಸೊಪ್ಪು, ಕಾಳು ಮತ್ತು ತರಕಾರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಆದ್ದರಿಂದ ರಾತ್ರಿಯ ಊಟವು ಶೀಘ್ರವಾಗಿ ಸಿದ್ಧವಾಗುವುದರೊಂದಿಗೆ ಪೌಷ್ಟಿಕವೂ ಆಗಿರುವುದು ಅವಶ್ಯಕ. ಈ ನಿಟ್ಟಿನಲ್ಲಿ ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಭಾನುವಾರದ ಪೂರ್ವಸಿದ್ಧತೆ

ರಜಾದಿನದಂದು ವಿನಿಯೋಗಿಸುವ ಒಂದು ಗಂಟೆಯು ವಾರದ ಐದು ರಾತ್ರಿಗಳ ಶ್ರಮವನ್ನು ಕಡಿಮೆ ಮಾಡುತ್ತದೆ.

1. ಐದು ದಿನಗಳ ಅಡುಗೆಯ ಪಟ್ಟಿಯನ್ನು ಮುಂಚಿತವಾಗಿ ತಯಾರಿಸಿಕೊಂಡು, ಅದಕ್ಕನುಗುಣವಾಗಿ ಮಾತ್ರ ತರಕಾರಿ ಖರೀದಿಸುವುದು. ಇದರಿಂದ ಕೊಳೆತು ಹೋಗುವ ತರಕಾರಿಯ ವೆಚ್ಚವೂ ಉಳಿಯುತ್ತದೆ.
2. ಹುರುಳಿಕಾಳನ್ನು ಬೆಳಿಗ್ಗೆ ನೆನೆಸಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ಮಂಗಳವಾರದ ವೇಳೆಗೆ ಮೊಳಕೆ ಸಿದ್ಧವಾಗಿರುತ್ತದೆ.
3. ಸಾರಿನ ಪುಡಿ ಹಾಗೂ ಶೇಂಗಾ ಚಟ್ನಿಪುಡಿಯನ್ನು ಮಾಡಿ, ತೇವ ತಾಗದ ಡಬ್ಬಿಗಳಲ್ಲಿ ಇಡುವುದು.
4. ಸೊಪ್ಪನ್ನು ಬಿಡಿಸಿ ಕಾಗದದಲ್ಲಿ ಸುತ್ತಿ ಇಡುವುದು. ಆದರೆ ತೊಳೆದು ಹೆಚ್ಚುವುದನ್ನು ಅಡುಗೆಯ ವೇಳೆಗೇ ಮಾಡತಕ್ಕದ್ದು. ಹೆಚ್ಚಿದ ನಂತರ ತೊಳೆದರೆ ಪೋಷಕಾಂಶಗಳು ನೀರಿನೊಂದಿಗೆ ಹರಿದುಹೋಗುತ್ತವೆ.

ಐದು ರಾತ್ರಿಗಳ ಮಾದರಿ ಪಟ್ಟಿ

ಸೋಮವಾರ: ಹೆಸರುಬೇಳೆ ಕಿಚಡಿ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ, ಇವೆರಡರ ಒಟ್ಟು ಅಳತೆಯ ಮೂರು ಪಟ್ಟು ನೀರು. ಕ್ಯಾರೆಟ್, ಹುರುಳಿಕಾಯಿಗಳನ್ನೂ ಅದರಲ್ಲೇ ಬೇಯಿಸಿ, ಜೀರಿಗೆ ಮತ್ತು ಮೆಣಸಿನ ಒಗ್ಗರಣೆ ಕೊಡಬಹುದು. ಅಕ್ಕಿ ಮತ್ತು ಬೇಳೆ ಸೇರಿದಾಗ ದೊರೆಯುವ ಪ್ರೋಟೀನು ಅನ್ನದಿಂದ ಮಾತ್ರ ದೊರೆಯುವುದಕ್ಕಿಂತ ಉತ್ತಮವಾದುದು.

ಮಂಗಳವಾರ: ಮೊಳಕೆ ಹುರುಳಿಕಾಳಿನ ಸಾರು, ಜೊತೆಗೆ ಮುದ್ದೆ ಅಥವಾ ಅನ್ನ. ನೆನೆದು ಮೊಳೆತ ಕಾಳು ಬೇಗನೆ ಬೇಯುವುದರಿಂದ ಇಂಧನವೂ ಉಳಿತಾಯವಾಗುತ್ತದೆ.

ಬುಧವಾರ: ನುಗ್ಗೆಸೊಪ್ಪಿನ ರಾಗಿ ರೊಟ್ಟಿ. ಹಿಟ್ಟಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ತಟ್ಟಿದರೆ ಪ್ರತ್ಯೇಕ ಪಲ್ಯದ ಅಗತ್ಯವಿರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಬೆಳೆಯುವ ಮಕ್ಕಳಿಗೆ ಇದು ಸೂಕ್ತ ಆಹಾರವಾಗಿದೆ.

ಗುರುವಾರ: ಖಡಕ್ ಜೋಳದ ರೊಟ್ಟಿ, ಝುಣಕ, ಚಟ್ನಿಪುಡಿ, ಮೊಸರು. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯು ಹಲವು ದಿನ ಕೆಡದೆ ಉಳಿಯುತ್ತದೆ. ಕಡಲೆಹಿಟ್ಟಿನ ಝುಣಕವು ಹದಿನೈದು ನಿಮಿಷಗಳಲ್ಲಿ ಸಿದ್ಧವಾಗುತ್ತದೆ.

ಶುಕ್ರವಾರ: ಕಡಲೆಕಾಯಿ ಬೀಜದ ಚಿತ್ರಾನ್ನ ಹಾಗೂ ಹೆಸರುಬೇಳೆ ಕೋಸಂಬರಿ. ನಿಂಬೆರಸವನ್ನು ಒಲೆ ಆರಿಸಿದ ನಂತರವೇ ಬೆರೆಸತಕ್ಕದ್ದು. ಅದರಲ್ಲಿರುವ ಸಿ ಜೀವಸತ್ವವು ಶಾಖಕ್ಕೆ ನಾಶವಾಗುತ್ತದೆ. ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ಇದೇ ಜೀವಸತ್ವವು ನೆರವಾಗುತ್ತದೆ. ಊಟದೊಡನೆ ಅಥವಾ ಊಟವಾದ ಕೂಡಲೇ ಕಾಫಿ, ಟೀ ಸೇವಿಸಿದರೆ ಈ ಪ್ರಯೋಜನವು ಕುಗ್ಗುತ್ತದೆ.

ಮೊಟ್ಟೆ ಸೇವಿಸುವವರು ಇವುಗಳಲ್ಲಿ ಯಾವುದೇ ಊಟಕ್ಕೆ ಬೇಯಿಸಿದ ಮೊಟ್ಟೆಯನ್ನು ಸೇರಿಸಿಕೊಳ್ಳಬಹುದು.

ಕುಕ್ಕರ್ ಬಳಕೆ

ಅಕ್ಕಿ, ಬೇಳೆ ಮತ್ತು ತರಕಾರಿಯನ್ನು ಬೇರೆ ಬೇರೆ ಪಾತ್ರೆಗಳಲ್ಲಿಟ್ಟು ಒಂದೇ ಕುಕ್ಕರಿನಲ್ಲಿ ಬೇಯಿಸಬಹುದು. ಒತ್ತಡ ಏರಿದ ಕೂಡಲೇ ಉರಿಯನ್ನು ತಗ್ಗಿಸಿದರೆ ಅನಿಲ ಉಳಿತಾಯವಾಗುತ್ತದೆ. ಅಕ್ಕಿ ಮತ್ತು ಬೇಳೆಯನ್ನು ಕುಕ್ಕರಿಗೇ ನೇರವಾಗಿ ಹಾಕಿದಾಗ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ಆವಿ ಹೊರಬರುವ ನಳಿಕೆಯು ಕಟ್ಟಿಕೊಂಡಿಲ್ಲವೆಂಬುದನ್ನು ಪ್ರತಿ ಬಾರಿಯೂ ಪರೀಕ್ಷಿಸುವುದು ಹಾಗೂ ಒತ್ತಡ ಪೂರ್ಣ ಇಳಿಯುವ ಮುನ್ನ ಮುಚ್ಚಳ ತೆರೆಯದಿರುವುದು ಸುರಕ್ಷತೆಯ ದೃಷ್ಟಿಯಿಂದ ಕಡ್ಡಾಯ. 2021ರಿಂದ ಗೃಹಬಳಕೆಯ ಕುಕ್ಕರುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದರಿಂದ, ಖರೀದಿಸುವಾಗ ಅದನ್ನು ಗಮನಿಸತಕ್ಕದ್ದು.

ಉಳಿದ ಆಹಾರ

ರಾತ್ರಿ ಉಳಿದ ಅನ್ನವನ್ನು ಬೆಳಗಿನ ಚಿತ್ರಾನ್ನಕ್ಕೆ ಬಳಸುವ ರೂಢಿಯು ಬಹುತೇಕ ಮನೆಗಳಲ್ಲಿದೆ. ಆದರೆ ಅಕ್ಕಿಯಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಬದುಕುಳಿಯುತ್ತವೆ. ಅನ್ನವು ಹೊರಗೆ ಬಹುಹೊತ್ತು ಉಳಿದಾಗ ಇವು ಬೆಳೆದು ವಿಷವನ್ನು ಉತ್ಪಾದಿಸುತ್ತವೆ. ಈ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿರಿಸಿ, ಮರುದಿನ ಹಬೆಯಾಡುವಂತೆ ಒಮ್ಮೆ ಮಾತ್ರ ಬಿಸಿ ಮಾಡಿ ಬಳಸುವುದು. ಫ್ರಿಜ್ ಇಲ್ಲದ ಮನೆಗಳಲ್ಲಿ ಅಗತ್ಯವಿರುವಷ್ಟನ್ನೇ ಬೇಯಿಸುವುದು ಸೂಕ್ತ.

ಕೆಲಸದ ಹಂಚಿಕೆ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ 289 ನಿಮಿಷಗಳನ್ನು ವ್ಯಯಿಸಿದರೆ, ಪುರುಷರು 88 ನಿಮಿಷಗಳನ್ನು ವ್ಯಯಿಸುತ್ತಾರೆ. ಅಡುಗೆಯ ಪಟ್ಟಿ ಎಷ್ಟೇ ಸುಲಭವಾಗಿದ್ದರೂ ಎಲ್ಲವನ್ನೂ ಒಬ್ಬರೇ ನಿರ್ವಹಿಸಿದಲ್ಲಿ ಹೊರೆ ಇಳಿಯುವುದಿಲ್ಲ. ಮೊದಲು ಮನೆಗೆ ಬಂದವರು ಕುಕ್ಕರ್ ಇಡುವುದು, ಮತ್ತೊಬ್ಬರು ತರಕಾರಿ ಹೆಚ್ಚುವುದು, ಮಕ್ಕಳು ತಟ್ಟೆ ಲೋಟ ಜೋಡಿಸುವುದು, ಊಟದ ನಂತರ ಅಡುಗೆ ಮಾಡದವರು ಪಾತ್ರೆ ತೊಳೆಯುವುದು, ಹೀಗೆ ಪಟ್ಟಿಯಲ್ಲಿ ಅಡುಗೆಯ ಹೆಸರಿನೊಂದಿಗೆ ಮಾಡುವವರ ಹೆಸರನ್ನೂ ಬರೆದಿಡುವುದು ಒಳಿತು.

ಎಲ್ಲರಿಗೂ ಬಡಿಸಿದ ನಂತರ ಉಳಿದುದನ್ನಷ್ಟೇ ಗೃಹಿಣಿಯು ಉಣ್ಣುವ ಪದ್ಧತಿಯಿರುವ ಮನೆಗಳಲ್ಲಿ ಸೊಪ್ಪು, ಕಾಳುಗಳು ಆಕೆಯ ತಟ್ಟೆಗೆ ಬರುವಷ್ಟರಲ್ಲಿ ಮುಗಿದಿರುತ್ತವೆ. ಕುಟುಂಬದವರೆಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುವುದು ಇದಕ್ಕೆ ಸರಳ ಪರಿಹಾರ. ಅದು ಸಾಧ್ಯವಾಗದಿದ್ದಲ್ಲಿ ಆಕೆಯ ಪಾಲನ್ನು ಮೊದಲೇ ತೆಗೆದಿರಿಸತಕ್ಕದ್ದು. ಸದಾ ಆಯಾಸ, ತಲೆಸುತ್ತು ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಸಾರ್ವಜನಿಕರಿಗೆ ಸಲಹೆ ನೀಡಲಾಗಿದೆ.